ಹಾಡಿನಲ್ಲಿ ಬಿಟ್ಟುಹೋದ ಊರು

ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ನಾನು ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದೆ. ನಾನು ಒಂದು ಹಾಡಿನೊಳಗೆ ಇದ್ದೇನೆಂದು ಮೊದಲು ಹೇಳಿದವಳು ಕುರುಗೋಡಿನಲ್ಲಿ ಹತ್ತುವ ಒಬ್ಬ ನರ್ಸಮ್ಮ. ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಂಡವಳು ಮುಂದೆ ಹೋಗದೆ ಅಲ್ಲೇ ನಿಂತಳು.

“ಅಣ್ಣಾರ, ನೀವು ಹಾಡಿನ್ಯಾಗ ಬಂದೀರಿ, ಕೇಳೀರೇನು?”

“ಯಾವ ಹಾಡವ್ವ?”

ಮೊಬೈಲನ್ನು ನನ್ನ ಕಿವಿಗೆ ಹಿಡಿದಳು. ಮೊದಲು ಇಂಜಿನ್ನಿನ ಸದ್ದು, ಅದರ ಮೇಲೆ ಒಬ್ಬ ಗಂಡಸು ಊರುಗಳ ಹೆಸರು ಹೇಳುತ್ತಾನೆ. ಆಮೇಲೆ ಗಿಟಾರ್, ಆಮೇಲೆ ಒಬ್ಬ ಹುಡುಗಿಯ ದನಿ. ಆ ಗಂಡಸಿನ ದನಿ ನನ್ನದೆಂದು ನನಗೆ ತಿಳಿಯಲಿಲ್ಲ. ಡ್ರೈವರ್ ಕೇಳಿ, “ಲೇ, ನೀನಽ ಅದೀಯಲ್ಲೋ!” ಎಂದು ನಕ್ಕ.

ಹಾಡಿದವಳು ಗೊತ್ತಿದ್ದವಳೇ. ಸಿರುಗುಪ್ಪದ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ, ದಿನಾ ಬಳ್ಳಾರಿಯಿಂದ ನಮ್ಮ ಬಸ್ಸಿನಲ್ಲೇ ಹೋಗಿಬರುತ್ತಿದ್ದಳು. ಶನಿವಾರ ಗಿಟಾರ್ ತರುತ್ತಿದ್ದಳು. ಮೇಲೆ ಇಡವ್ವ ಎಂದರೂ ಇಡದೆ ತೊಡೆಯ ಮೇಲೇ ಹಿಡಿದು ಕೂರುತ್ತಿದ್ದಳು. ತಾನೇ ಬರೆದು, ತಾನೇ ಧಾಟಿ ಕಟ್ಟಿ, ಒಂದೇ ಒಂದು ಹಾಡು ಹೊರಗೆ ಬಿಟ್ಟಿದ್ದಳು. ದಿನಾ ಅವೇ ಊರುಗಳನ್ನು ದಾಟಿ ಹೋಗುವವಳಿಗೆ ಅವುಗಳಲ್ಲಿ ಒಂದೂ ತನ್ನದಲ್ಲ ಎನ್ನುವ ಹಾಡು. ಹದಿನೈದು ದಿನದಲ್ಲಿ ಅದು ಕಾಲೇಜು ಹುಡುಗಿಯರ ಫೋನುಗಳಲ್ಲೆಲ್ಲ ಇತ್ತು.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಮಗಳು ಅದನ್ನು ಹಚ್ಚಿದಳು. ಆಗ ಸರಿಯಾಗಿ ಕೇಳಿದೆ. ಕೋಳೂರು, ಕುರುಗೋಡು, ಸಿರುಗುಪ್ಪ. ನಡುವಿನ ತೆಕ್ಕಲಕೋಟೆ ಇಲ್ಲ.

ತೆಕ್ಕಲಕೋಟೆ ನನ್ನ ಹೆಂಡತಿಯ ತವರೂರು. ಅಷ್ಟು ವರ್ಷಗಳಲ್ಲಿ ಆ ಹೆಸರನ್ನು ಕೂಗದೆ ಬಿಟ್ಟದ್ದು ಒಂದೇ ದಿನ. ಅವಳು ತೀರಿಕೊಂಡ ಮೇಲೆ ನಾನು ಮೊದಲ ಸಲ ಡ್ಯೂಟಿಗೆ ಹೋದ ದಿನ. “ಯಾಕಪ್ಪ, ತೆಕ್ಕಲಕೋಟಿಗೆ ಹೋಗಂಗಿಲ್ಲೇನು?” ಎಂದು ಒಬ್ಬ ಮುದುಕ ಕೆಳಗೆ ನಿಂತು ಕೇಳಿದ್ದು, ಹತ್ತು ಎಂದು ನಾನು ಕೈಸನ್ನೆ ಮಾಡಿದ್ದು ನೆನಪಿದೆ. ಇದನ್ನು ಮಗಳಿಗೆ ಹೇಳಿದೆ. ಅವಳು ಹಾಡನ್ನು ಮೊದಲಿನಿಂದ ಇನ್ನೊಮ್ಮೆ ಹಚ್ಚಿ, ನನ್ನ ದನಿ ಮುಗಿದ ಕೂಡಲೇ ನಿಲ್ಲಿಸಿದಳು.

ಮರುದಿನ ಟೀಚರಮ್ಮ ಬಸ್ ಹತ್ತಿದವಳೇ ನನ್ನ ಹತ್ತಿರ ಬಂದಳು.

“ಅಣ್ಣಾರ, ನಿಮ್ಮನ್ನ ಕೇಳದ ಹಾಕೀನಿ. ತಪ್ಪಾತ್ರಿ. ಬ್ಯಾಡಂದ್ರ ತಗದುಬಿಡ್ತೀನಿ.”

“ಸಿಟ್ಟೇನಿಲ್ಲವ್ವ. ತೆಕ್ಕಲಕೋಟಿ ಬಿಟ್ಟ ದಿನದ್ದಽ ಯಾಕ ಹಾಕಿದಿ?”

“ನಾಕೈದು ದಿನದ್ದು ರೆಕಾರ್ಡ್ ಮಾಡಿದ್ದೆರಿ. ಉಳಿದ ದಿನ ನೀವು ಜನಾನ ಕರೀತಿದ್ರಿ. ಅವತ್ತು ಬರೇ ಹೆಸರು ಹೇಳೀರಿ. ನನ್ನ ಹಾಡಿಗೆ ಅಂಥಾದ್ದಽ ಬೇಕಿತ್ತು.”

ಅವತ್ತು ಯಾವ ದಿನವೆಂದು ಹೇಳಿದೆ. ಅವಳ ಕಣ್ಣು ತುಂಬಿತು, ನನ್ನದು ತುಂಬಲಿಲ್ಲ. ಹಿಂದಿನ ಸೀಟಿನವರು ಟಿಕೆಟ್ ಕೇಳುತ್ತಿದ್ದರು, ಅತ್ತ ಹೋದೆ.

ಸಂಜೆ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಫೋನ್ ಮುಂದೆ ಹಿಡಿದು, “ತೆಕ್ಕಲಕೋಟಿ ಸೇರಿಸಿ ಮತ್ತೊಮ್ಮೆ ಹೇಳ್ತೀರೇನ್ರಿ?” ಎಂದಳು. ನಾಲ್ಕು ಸಲ ಹೇಳಿದೆ. ನಾಲ್ಕು ಸಲವೂ ನಾಟಕದವರ ಹಾಗೆ ಬಂತು. ಡ್ರೈವರ್ ನಕ್ಕ, ನಾವೂ ನಕ್ಕೆವು. ಹಾಡು ಇದ್ದ ಹಾಗೇ ಇರಲಿ ಎಂದೆ.

ಮುಂದೆ ಕೆಲವು ತಿಂಗಳು ನಾನು ಬಾಯಿ ತೆರೆದರೆ ಸಾಕು, ಹುಡುಗಿಯರು ಹಾಡಿನ ಮೊದಲ ಸಾಲು ಎತ್ತಿಕೊಳ್ಳುತ್ತಿದ್ದರು. ಅದರಿಂದ ಕೂಗುವುದು ಕಷ್ಟವಾಯಿತು. ನನ್ನ ದನಿ ಹೇಗೆ ಹೊರಡುತ್ತದೆಂದು ನಾನೇ ಕೇಳಿಸಿಕೊಳ್ಳತೊಡಗಿದ್ದೆ. ಬೋರ್ಡ್ ಐತಿ, ನೋಡಿ ಹತ್ರಿ ಎಂದು ಸುಮ್ಮನಾದ ದಿನಗಳೂ ಇವೆ. ತೆಕ್ಕಲಕೋಟೆಯಿಂದ ಹೆಂಡತಿಯ ತಮ್ಮ ಫೋನ್ ಮಾಡಿದ. “ಮಾಮಾ, ಎಲ್ಲಾ ಊರು ಹೇಳಿ ನಮ್ಮೂರಽ ಬಿಟ್ಟೀರಲ್ಲ?”

“ತಾಳಕ್ಕ ಕೂಡಲಿಲ್ಲಂತಪ್ಪ,” ಎಂದೆ. ಅವನು ಒಪ್ಪಿಕೊಂಡ.

ಪರೀಕ್ಷೆ ಮುಗಿದ ಮೇಲೆ ಟೀಚರಮ್ಮನ ಕೆಲಸವೂ ಮುಗಿಯಿತು. ಅತಿಥಿ ಶಿಕ್ಷಕರದು ಹಾಗೇ. ಅವಳು ಇನ್ನೊಂದು ಹಾಡು ಮಾಡಿದ್ದಾಳೆಂದು ಮಗಳು ಹೇಳಿದಳು, ನಾನಿನ್ನೂ ಕೇಳಿಲ್ಲ. ಈಗ ನನ್ನನ್ನು ಮೋಕಾ ಊರಿಗೆ ಹೋಗುವ ಗಾಡಿಗೆ ಹಾಕಿದ್ದಾರೆ. ಈ ದಾರಿಯಲ್ಲಿ ಊರು ಕಡಿಮೆ, ಜನ ಜಾಸ್ತಿ. ಕೂಗುವುದು ಮತ್ತೆ ರೂಢಿಯಾಗಿದೆ.