ಹೀಟರು ಮತ್ತು ಉಡಿಯಕ್ಕಿ

ಅಮೆರಿಕದ ಬೆರ್ರಿಯೆಸಾ ಬಡಾವಣೆಯ ಆ ಮನೆಗೆ ನಾವು ಬಾಡಿಗೆ ಕರಾರು ಬರೆಸಿಕೊಳ್ಳಲಿಲ್ಲ. ಮನೆಯ ಮಾಲೀಕರು ಮೈಸೂರಿನವರು, ನಾವು ಹುಬ್ಬಳ್ಳಿಯವರು. ಎಂಬತ್ತರ ದಶಕದ ಮೊದಲ ವರ್ಷಗಳವು. ಆ ಕಡೆ ಅಂಗಡಿಯಲ್ಲೋ ಬಸ್ಸಿನಲ್ಲೋ ಕನ್ನಡ ಕಿವಿಗೆ ಬಿದ್ದರೆ ನಾವು ತಿರುಗಿ ನೋಡುತ್ತಿದ್ದೆವು. ಒಂದೇ ಕಟ್ಟಡದಲ್ಲಿ ನಾಲ್ಕು ಮನೆ ಕಟ್ಟಿಸಿದ್ದವರೇ ಕನ್ನಡದವರು ಎಂದು ಗೊತ್ತಾದಾಗ ದೇವರೇ ತೋರಿಸಿದ ಜಾಗ ಅನ್ನಿಸಿತ್ತು. ನನ್ನ ಗಂಡ ಕರಾರಿನ ಮಾತೆತ್ತಿದರೆ ಮಾಲೀಕರು ನಕ್ಕುಬಿಟ್ಟರು. "ನಮ್ಮ ನಮ್ಮಲ್ಲಿ ಪೇಪರು ಯಾಕ್ರೀ? ಒಳ್ಳೇ ದಿನ ನೋಡಿ ಹಾಲುಕ್ಸಿ, ಬಂದ್ಬಿಡಿ."

ನಾನು ಹಾಲು ಉಕ್ಕಿಸಿದೆ. ಕರೆಂಟಿನ ಕಾಯಿಲ್ ಒಲೆಯ ಮೇಲೆ ಚೆಲ್ಲಿದ ಹಾಲು ಹತ್ತಿ, ಮನೆಯೆಲ್ಲ ಸುಟ್ಟ ವಾಸನೆ ತುಂಬಿತು. ಕರಾರು ಅಂತ ಇದ್ದದ್ದು ಅಷ್ಟೇ.

ಮಾಲೀಕರ ಹೆಂಡತಿ ನನಗಿಂತ ಹಿರಿಯರು, ಹಿಂದಿನ ಬೀದಿಯಲ್ಲೇ ಅವರ ಸ್ವಂತ ಮನೆ. ನಾನು ಅವರನ್ನು ಅಕ್ಕಾರು ಎಂದು ಕರೆಯುತ್ತಿದ್ದೆ. ನನ್ನ ಜೋಳದ ರೊಟ್ಟಿ ಅವರಿಗೆ ಹಪ್ಪಳ, ಅವರ ಸಾರು ನನಗೆ ಬಣ್ಣದ ನೀರು. ಹೀಗೆ ಒಬ್ಬರನ್ನೊಬ್ಬರು ಹಂಗಿಸುತ್ತಲೇ ದಿನಾ ಕಾಫಿ ಕುಡಿಯುತ್ತಿದ್ದೆವು. ತವರು ಸಮುದ್ರದಾಚೆ ಇದ್ದವಳಿಗೆ ಅದು ಎಷ್ಟು ದೊಡ್ಡದು ಎಂದು ಅದಿಲ್ಲದವರಿಗೇ ಗೊತ್ತು.

ಮೊದಲ ಚಳಿಗಾಲ ಬಂದಾಗ ಮನೆಯ ಹೀಟರು ಸತ್ತಿದೆ ಎಂದು ತಿಳಿಯಿತು. ಇಲ್ಲಿ ಹಿಮ ಬೀಳುವುದಿಲ್ಲ, ಹಾಗಾಗಿ ಚಳಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಹತ್ತಿರದ ಸಮುದ್ರದ ಕೊಲ್ಲಿಯ ತೇವ ಗೋಡೆಯೊಳಗೆ ಇಳಿಯುತ್ತದೆ. ಮಗಳ ತೊಟ್ಟಿಲಿನ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು ಬೆಳೆಯಿತು. ಒರೆಸಿದರೆ ಹೋಗುತ್ತಿತ್ತು, ವಾರದಲ್ಲಿ ಮತ್ತೆ ಬರುತ್ತಿತ್ತು. ಮಗಳಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ಅವಳ ಎದೆಯಲ್ಲಿ ಸುಂಯ್ ಎಂಬ ಸದ್ದು ಶುರುವಾಯಿತು. ಮನೆ ಬೆಚ್ಚಗೆ, ಒಣಗಿದ ಹಾಗಿರಬೇಕು, ಇಲ್ಲದಿದ್ದರೆ ಇದು ಎದೆಯಲ್ಲೇ ಮನೆ ಮಾಡುತ್ತದೆ ಎಂದರು ಡಾಕ್ಟರು.

ಅಕ್ಕಾರಿಗೆ ಹೇಳಿದೆ. ಯಜಮಾನರಿಗೆ ಹೇಳ್ತೀನಮ್ಮ ಎಂದರು. ಮತ್ತೆ ಹೇಳಿದೆ, ತಮ್ಮ ಮನೆಯ ದಪ್ಪ ಕಂಬಳಿ ತಂದುಕೊಟ್ಟರು. ಕಂಬಳಿ ನಿಜಕ್ಕೂ ಚೆನ್ನಾಗಿತ್ತು. ಮೂರನೆಯ ಸಲ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಮಾಲೀಕರು ನನ್ನ ಗಂಡನ ಮುಂದೆ ತಮ್ಮ ಸಂಕಟ ತೋಡಿಕೊಂಡರಂತೆ. ಆ ನಗರದಲ್ಲಿ ಹೊಸ ಬಾಡಿಗೆ ಕಾನೂನು ಬಂದಿತ್ತು. ಇರುವ ಬಾಡಿಗೆದಾರರಿಗೆ ಮನಬಂದಂತೆ ಬಾಡಿಗೆ ಏರಿಸುವಂತಿರಲಿಲ್ಲ. ಏರಿಸಲು ಬಿಡದ ಸರ್ಕಾರವೇ ಬಂದು ಹೀಟರು ಹಾಕಿಸಲಿ ಎಂದು ಅವರ ಸಿಟ್ಟು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಕೊನೆಗೆ ನಾನೇ ಮಗಳನ್ನು ಎತ್ತಿಕೊಂಡು ನಗರದ ಬಾಡಿಗೆ ಕಚೇರಿಗೆ ಬಸ್ಸಿನಲ್ಲಿ ಹೋದೆ. ಅಲ್ಲಿದ್ದ ಅಧಿಕಾರಿ ಬೇಸರಿಸದೆ ವಿವರಿಸಿದ. ಮನೆಗೆ ಬಿಸಿ ಕೊಡುವುದು ಮಾಲೀಕನ ಉಪಕಾರವಲ್ಲ, ಕಾನೂನಿನ ಕಟ್ಟಳೆ. ದೂರು ದಾಖಲಾದರೆ, ಆ ಸಿಟ್ಟಿಗೆ ನಿಮ್ಮಿಂದ ಮನೆ ಬಿಡಿಸುವಂತೆಯೂ ಇಲ್ಲ. ನಾಳೆಯೇ ಬರೆದು ತನ್ನಿ ಎಂದ. ಬರುವಾಗ ಬಸ್ಸಿನಲ್ಲಿ ಮಗಳಿಗೆ ಹಾಡು ಹೇಳಿದ್ದು ನೆನಪಿದೆ.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಅಕ್ಕಾರಿಗೆ ಫೋನು. ನಾಳೆ ನಿಮ್ಮ ಮೇಲೆ ದೂರು ಕೊಡುವವಳಿದ್ದೇನೆ, ತಪ್ಪು ತಿಳಿಯಬೇಡಿ ಎಂದು ತಿಳಿಸಿದೆ. ಬೇರೆ ಯಾವ ದೇಶದ ಹೆಂಗಸಾದರೂ ಹೀಗೆ ಮಾಡುತ್ತಿರಲಿಲ್ಲ. ಅವರ ಮನೆಯ ಕಾಫಿ ಕುಡಿದು, ಹೇಳದೆ ಕೇಳದೆ ಕಚೇರಿ ಹತ್ತುವುದು ಹೇಗೆ? ದೂರು ಕೊಡುವುದಕ್ಕೂ ಒಂದು ಮರ್ಯಾದೆ ಇರುತ್ತದೆ ಎಂದುಕೊಂಡಿದ್ದೆ.

ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕಾರು ಬಂದರು. ಕೈಯಲ್ಲಿ ತಟ್ಟೆ: ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಬಾಳೆಹಣ್ಣು, ಹಸಿರು ಕುಪ್ಪಸದ ಖಣ. "ನಿಮ್ಮ ಕಡೆ ಇದನ್ನ ಉಡಿ ತುಂಬೋದು ಅಂತೀರಲ್ಲ," ಎನ್ನುತ್ತಾ ನನ್ನನ್ನು ಪೂರ್ವಕ್ಕೆ ಕೂರಿಸಿದರು. ಅರಿಶಿನ ಕುಂಕುಮ ಹಚ್ಚಿ ನನ್ನ ಸೆರಗಿಗೆ ಅಕ್ಕಿ ಸುರಿದರು. "ನೀನು ನನ್ನ ಒಡಹುಟ್ಟಿದ ತಂಗಿ ಇದ್ದ ಹಾಗೆ. ಹೀಟರ್ ವಿಷಯ ನಾನ್ ನೋಡ್ಕೋತೀನಿ. ಆಫೀಸು ಗೀಫೀಸು ಬೇಡ ಕಣಮ್ಮ."

ಊರು ಬಿಟ್ಟ ಮೇಲೆ ನನ್ನ ಉಡಿ ತುಂಬಿದವರು ಯಾರೂ ಇರಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಉಡಿ ತುಂಬಿದ ಕೈಯ ಮೇಲೆ ಯಾರಾದರೂ ದೂರು ಕೊಡುತ್ತಾರೆಯೇ? ಕಚೇರಿಗೆ ಹೋಗಲಿಲ್ಲ. ಉಡಿಯಕ್ಕಿಯನ್ನು ಶುಕ್ರವಾರ ಹುಗ್ಗಿ ಮಾಡಿ, ಒಂದು ಬಟ್ಟಲು ಅಕ್ಕಾರ ಮನೆಗೂ ಕೊಟ್ಟು ಬಂದೆ.

ಮುಂದಿನ ವಾರ ನೋಟಿಸು ಬಂತು, ತಿಂಗಳೊಳಗೆ ಮನೆ ಖಾಲಿ ಮಾಡಬೇಕು ಎಂದು. ಇದ್ದವರು ಹೋದರೆ ಬರುವವರಿಗೆ ಎಷ್ಟು ಬೇಕಾದರೂ ಬಾಡಿಗೆ ಹೇಳಬಹುದಿತ್ತು. ಅದನ್ನೂ ಅದೇ ಕಾನೂನು ಹೇಳುತ್ತಿತ್ತು.

ಮತ್ತೆ ಅದೇ ಅಧಿಕಾರಿಯ ಎದುರು ಕೂತೆ. ದೂರು ದಾಖಲಿಸಿದ್ದೀರಾ ಎಂದ. ಇಲ್ಲ. ಹೀಟರು ಕೇಳಿ ಪತ್ರ ಬರೆದಿದ್ದೀರಾ? ಇಲ್ಲ. ಕರಾರು? ಅದೂ ಇಲ್ಲ. ಬಾಯಿಮಾತಿನಲ್ಲಿ ಕೇಳಿದ್ದೂ ನಡೆಯುತ್ತದೆ, ಆದರೆ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ನಿಮ್ಮ ಮನೆಯವರನ್ನು ಬಿಟ್ಟರೆ, ನೀವು ಕೇಳಿದ್ದನ್ನು ಬೇರೆ ಯಾರು ಕೇಳಿಸಿಕೊಂಡಿದ್ದಾರೆ ಎಂದ. ಯೋಚಿಸಿದೆ. ಅಕ್ಕಾರು ಒಬ್ಬರೇ.

ಆದರೂ ಅವರಿಗೇ ಫೋನು ಮಾಡಿದೆ. "ಖರೇ ಇದ್ದದ್ದ ಹೇಳ್ರಿ ಸಾಕು, ಅಕ್ಕಾರ. ನಾ ಹೀಟರ್ ಕೇಳಿದ್ದೆ ಅಂತ ಒಂದ ಮಾತು."

"ಯಜಮಾನರ ವ್ಯವಹಾರದಲ್ಲಿ ನಾನು ತಲೆ ಹಾಕಲ್ಲ ಕಣಮ್ಮ," ಎಂದರು. ದನಿಯಲ್ಲಿ ಅಳು ಇತ್ತು. ಅದು ಸುಳ್ಳು ಅಳುವಲ್ಲ ಎಂದೇ ನಾನು ಇಂದಿಗೂ ನಂಬಿದ್ದೇನೆ, ಅದರಿಂದ ಏನೂ ಬದಲಾಗದಿದ್ದರೂ.

ಪಕ್ಕದ ಊರು ಫ್ರೀಮಾಂಟಿಗೆ ಹೋದೆವು. ಹೊಸ ಮಾಲೀಕ ಅಮೆರಿಕನ್ನ. ಅವನ ಕರಾರಿನ ಒಂದೊಂದು ಸಾಲನ್ನೂ ನನ್ನ ಗಂಡ ಗಟ್ಟಿಯಾಗಿ ಓದಿ ಸಹಿ ಮಾಡಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅಲ್ಲಿ ಹೀಟರು ಭರ್ರೆಂದು ಉರಿಯಿತು. ಮಗಳ ಎದೆಯ ಸದ್ದು ಮಾತ್ರ ನಮ್ಮ ಜೊತೆಗೇ ಬಂದಿತ್ತು. ಇನ್ನು ಇದು ಪೂರ್ತಿ ಹೋಗುವಂಥದ್ದಲ್ಲ, ಜೊತೆಗೆ ಬಾಳುವುದನ್ನು ಕಲಿಸಿ ಎಂದು ಡಾಕ್ಟರು ಅವಳ ಕೈಗೆ ಉಸಿರೆಳೆಯುವ ಪಂಪು ಕೊಟ್ಟರು.

ಆ ದಶಕ ಮುಗಿಯುವ ಮುನ್ನ ಒಂದು ಯುಗಾದಿ ಕೂಟದಲ್ಲಿ ಅಕ್ಕಾರು ಎದುರಾದರು. ಕೂದಲು ನೆರೆತಿತ್ತು. ಬೇವು ಬೆಲ್ಲ ಕೊಟ್ಟು, ನನ್ನ ಹಣೆಗೆ ಕುಂಕುಮ ಇಟ್ಟರು. ನಾನು ಹಣೆ ಬಗ್ಗಿಸಿದೆ. ಆ ಮನೆಗೆ ಈಗ ಹೊಸ ಹೀಟರು ಹಾಕಿಸಿದ್ದೇವೆ, ಬಂದವರೆಲ್ಲ ಮೆಚ್ಚುತ್ತಾರೆ ಎಂದರು, ನನಗೆ ಸಂತೋಷವಾಗಲಿ ಎಂಬಂತೆ. ಮಗು ಹೇಗಿದೆ ಎಂದು ಕೇಳಿದರು.

"ಚೊಲೊ ಅದಾಳ್ರಿ," ಎಂದೆ.

ಮಕ್ಕಳ ಜೊತೆ ಓಡಿ ಬಂದ ಮಗಳು ಮೂಲೆಯಲ್ಲಿ ನಿಂತು ಪಂಪು ಎಳೆದುಕೊಳ್ಳುತ್ತಿದ್ದಳು. ಉಸಿರು ಕೂತ ಮೇಲೆ ನನ್ನ ಹತ್ತಿರ ಬಂದು, ಆ ಹೆಂಗಸು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು.

"ನಿನ್ನ ದೊಡ್ಡವ್ವ," ಎಂದೆ. "ಹೋಗು, ನಮಸ್ಕಾರ ಮಾಡು."

ಅವಳು ಹೋಗಿ ಕಾಲಿಗೆ ಬಿದ್ದಳು.