ಪೈಪು ಹಿಡಿಯುವವಳ ಮಾವ

ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು ಪೈಪು ಹಿಡಿದು ಕಂಡವರ ಎಂಜಲು ಹೀರುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಮ್ಮೆ ಅವಳ ಕೈ ನೋಡಬೇಕಿತ್ತು. ಕೊರೆಯುವಾಗ ಹಲ್ಲು ಕಾಯದಿರಲೆಂದು ಯಂತ್ರದ ತುದಿಯಿಂದ ನೀರು ಚಿಮ್ಮುತ್ತಲೇ ಇರುತ್ತದೆ. ಆ ನೀರು, ಎಂಜಲು, ರಕ್ತ, ಹಲ್ಲಿನ ಚೂರು ಎಲ್ಲವೂ ಗಂಟಲಿನ ಕಡೆಗೇ ಜಾರುತ್ತವೆ. ಒರಗಿ ಬಾಯಿ ತೆರೆದವರು ಪಾಪ, ಏನು ಮಾಡಿಯಾರು? ಅವಳ ಪೈಪು ಅದನ್ನೆಲ್ಲ ಹೀರಿಕೊಂಡರೆ ಡಾಕ್ಟರಿಗೆ ಹಲ್ಲು ಕಾಣುತ್ತದೆ, ರೋಗಿಗೆ ಉಸಿರು ಸಲೀಸಾಗುತ್ತದೆ. ನಾಲಿಗೆ ಎಳೆಯದಂತೆ, ಕೆನ್ನೆ ಅಂಟದಂತೆ ಪೈಪು ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಮನೆಯಲ್ಲಿ ಮಾವ ಅವಳನ್ನು ಪೈಪಮ್ಮ ಎಂದೇ ಕರೆಯುತ್ತಿದ್ದರು.

ಅವಳಿಗೊಂದು ಅಭ್ಯಾಸ ಮೈಗೂಡಿತ್ತು. ಕಣ್ಣು ಬಾಯೊಳಗಿದ್ದರೂ ಕಿವಿ ಗಂಟಲಿನ ಮೇಲೆ. ನೀರು ಹಿಂದಕ್ಕೆ ಹೋದರೆ ರೋಗಿ ಕೆಮ್ಮುತ್ತಾನೆ, ಕೆಮ್ಮಿದರೆ ಅವಳ ಪೈಪು ಗಂಟಲಿನತ್ತ ಸರಿಯುತ್ತದೆ. ಕೆಮ್ಮಿಲ್ಲವೆಂದರೆ ಎಲ್ಲ ಸರಿ. ಈ ಲೆಕ್ಕ ಅಷ್ಟು ವರ್ಷ ಒಮ್ಮೆಯೂ ತಪ್ಪಿರಲಿಲ್ಲ. ಅದೇ ಗ್ರಹಚಾರ.

ಮಾವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಾತು ತೊದಲಿದರೂ ಗೇಲಿ ಬಿಟ್ಟಿರಲಿಲ್ಲ. ದೊಡ್ಡಾಸ್ಪತ್ರೆಯವರು ಮನೆಗೆ ಕಳಿಸುವಾಗ ಅವಳಿಗೇ ಹೇಳಿದ್ದರು, “ನೀರು ಶ್ವಾಸಕೋಶಕ್ಕೆ ಇಳಿದ್ರೆ ಇವರು ಉಳಿಯೋದು ಕಷ್ಟಮ್ಮ. ಗಂಟಲಿಗೂ ಲಕ್ವ ತಾಗಿದೆ, ಇಳಿದ್ರೂ ಕೆಮ್ಮು ಬರಲ್ಲ, ಹುಷಾರು.” ಅವಳು ಚೀಲ ಹೆಗಲಿಗೇರಿಸುತ್ತ ತಲೆಯಾಡಿಸಿದ್ದಳು.

ಆಮೇಲೆ ದವಡೆ ಹಲ್ಲು ಹುಳುಕಾಗಿ, ಮಾವ ಗಂಜಿಯನ್ನೂ ಬೇಡವೆಂದರು. “ನಾನಿದ್ದೀನಲ್ಲ, ನಮ್ಮ ಡಾಕ್ಟರ ಹತ್ರಾನೇ ತೆಗೆಸೋಣ,” ಎಂದಳು. ಗಂಡನಿಗೆ ಎದೆಯ ಭಾರ ಇಳಿದಂತಾಯಿತು.

ಡಾಕ್ಟರು ಕುರ್ಚಿಯನ್ನು ಅರ್ಧಕ್ಕಷ್ಟೇ ಒರಗಿಸಿದರು. “ಇವರಿಗೆ ಒಂದು ಹನಿ ಒಳಗೆ ಹೋಗಬಾರದು ಸಿಸ್ಟರ್. ಪೈಪು ಸರಿಯಾಗಿ ಎಳೀದಿದ್ರೆ ಹೇಳಿ, ನಿಲ್ಲಿಸಿಬಿಡೋಣ. ನಾಳೆ ನೋಡಿದ್ರಾಯ್ತು.”

ಹಲ್ಲನ್ನು ತುಂಡು ಮಾಡುವಷ್ಟರಲ್ಲಿ ಪೈಪಿನ ಸದ್ದು ಸೊರಗಿತು. ಎಂಜಲು ಹೀರುವ ಯಂತ್ರದ ಜಾಲರಿಯಲ್ಲಿ ಕಟ್ಟಿದ ಕಸವನ್ನು ಬೆಳಿಗ್ಗೆ ತೊಳೆಯಬೇಕಾದವಳು ಅವಳೇ. ಮಾವನನ್ನು ಮೆಟ್ಟಿಲು ಹತ್ತಿಸುವ ಗಡಿಬಿಡಿಯಲ್ಲಿ ಮರೆತಿದ್ದಳು. ನಾಲಿಗೆಯ ಬುಡದಲ್ಲಿ ನಸುಗೆಂಪು ನೀರು ನಿಂತಿತು, ನಿಧಾನಕ್ಕೆ ಇಳಿಯಿತು, ಮತ್ತೆ ನಿಂತಿತು.

“ಎಳೀತಿದೆಯಾ?” ಡಾಕ್ಟರು ತಲೆ ಎತ್ತದೆ ಕೇಳಿದರು.

ನಿಲ್ಲಿಸಿದರೆ ಮಾವನಿಗೆ ಇನ್ನೊಂದು ದಿನ ಉಪವಾಸ, ಇನ್ನೊಮ್ಮೆ ಸೂಜಿ. ಅದಕ್ಕಿಂತ ಹೆಚ್ಚಾಗಿ, ಮಾವನೆದುರು ಪೈಪಮ್ಮನ ಮಾನ ಹೋಗುತ್ತಿತ್ತು. ಅವಳು ಕಿವಿಗೊಟ್ಟಳು. ಕೆಮ್ಮಿಲ್ಲ. ಮಾವ ಮಗುವಿನಂತೆ ತೆಪ್ಪಗೆ ಒರಗಿದ್ದರು.

“ಎಳೀತಿದೆ ಡಾಕ್ಟ್ರೇ,” ಎಂದಳು.

ಹಲ್ಲು ಬಂತು. ಒಮ್ಮೆಯೂ ಕೆಮ್ಮದೆ ಇಷ್ಟು ಶಾಂತವಾಗಿರುವ ರೋಗಿಯನ್ನು ನೋಡೇ ಇಲ್ಲ ಎಂದು ಡಾಕ್ಟರು, ಒಳಬಂದ ಗಂಡನೆದುರು ಹೊಗಳಿದರು. ಮಾವ ಎಡಗೈಯ ಹೆಬ್ಬೆರಳು ಎತ್ತಿ ತೋರಿಸಿದರು. ಅವಳು ಬೀಗಿದಳು, ಸುಳ್ಳೇಕೆ ಹೇಳಬೇಕು.

ಸಂಜೆ ಅಡುಗೆಮನೆಯಲ್ಲಿದ್ದಾಗ ಮಾವ ಕೂಗಿದ್ದು ಕೇಳಿಸಿತು. ದನಿ ಒದ್ದೆಯಾಗಿತ್ತು, ಮಾತಿನ ಕೆಳಗೆ ಏನೋ ಗುಳುಗುಳು ಎನ್ನುತ್ತಿತ್ತು. ಹೋಗಿ ಹಣೆ ಮುಟ್ಟಿದರೆ ಸುಡುತ್ತಿತ್ತು.

“ಹಲ್ಲು ಕಿತ್ತ ಜ್ವರ ಬಿಡೇ,” ಎಂದ ಗಂಡ. “ಅಪ್ಪ ಒಂದ್ಸಲಾನೂ ಕೆಮ್ಮಲಿಲ್ಲ ಅಂತ ಡಾಕ್ಟ್ರೇ ಹೇಳಿದ್ರಲ್ಲ. ಮಲಗಲಿ.”

ದೊಡ್ಡಾಸ್ಪತ್ರೆಯವರ ಮಾತು ಅವಳಿಗೆ ಆಗ ನೆನಪಾಯಿತು. ಮಾವನ ಬೆನ್ನಿಗೆ ಕಿವಿಯಿಟ್ಟಳು. ಒಳಗೆ ಉಸಿರು ಕೆಸರಿನಲ್ಲಿ ಕಾಲೆಳೆದಂತೆ ಬರುತ್ತಿತ್ತು.

“ಮಲಗಿಸಬೇಡ್ರೀ, ಗಾಡಿ ಕರೀರಿ. ನೀರು ಒಳಗೆ ಹೋಗಿದೆ. ಪೈಪು ಎಳೀತಿರಲಿಲ್ಲ. ಡಾಕ್ಟ್ರು ಕೇಳಿದ್ರು, ಎಳೀತಿದೆ ಅಂತ ನಾನೇ ಅಂದೆ.”

ಗಂಡ ಅವಳನ್ನೇ ನೋಡಿದ. ಚಪ್ಪಲಿ ಹಾಕಿಕೊಳ್ಳದೆ ಬೀದಿಗೆ ಓಡಿದ.

ಅವಳು ಮಾವನನ್ನು ಎಬ್ಬಿಸಿ ಎದೆಗೆ ಒರಗಿಸಿಕೊಂಡು ಬೆನ್ನು ತಟ್ಟತೊಡಗಿದಳು. “ಕೆಮ್ಮಿ ಮಾವ. ಒಂದೇ ಒಂದ್ಸಲ ಕೆಮ್ಮಿ.”

ಸೊಸೆ ಹೇಳಿದಳೆಂದು ಮಾವ ಪ್ರಯತ್ನಿಸಿದರು. ಅರ್ಧ ತುಟಿ ಮೇಲೆದ್ದಿತು, ಕುತ್ತಿಗೆಯ ನರ ಬಿಗಿಯಿತು, ಕಣ್ಣಲ್ಲಿ ನೀರು ಬಂತು. ಕೆಮ್ಮು ಬರಲಿಲ್ಲ.