ಸೌನಾದಲ್ಲಿ ಬೆವರಿದ ಕೋವಿ

ಗೆಳೆಯ ತೌನೋನನ್ನು ಹೂಳಿ ಬಂದ ಮೇಲೆ ಎಲ್ಲರೂ ಅವನ ಒಳ್ಳೆಯತನದ ಬಗ್ಗೆ ಮಾತಾಡಿದರು. ಕೋವಿಯ ಕಥೆ ಯಾರೂ ಎತ್ತಲಿಲ್ಲ. ಅದನ್ನು ಬಿಟ್ಟರೆ ಅವನು ಅರ್ಧವೂ ಉಳಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಫಿನ್‌ಲ್ಯಾಂಡಿನಿಂದ ಬಂದವರು ನೆಲೆಸಿದ, ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ನಮ್ಮೂರಲ್ಲಿ ಜಿಂಕೆ ಬೇಟೆಗೆ ಹೋಗದ ಗಂಡಸಿಲ್ಲ, ಹಿತ್ತಿಲಲ್ಲಿ ಸೌನಾ ಎಂಬ ಬೆವರು ಸ್ನಾನದ ಹಬೆಮನೆ ಇಲ್ಲದ ಫಿನ್ನಿಶ್ ಮನೆಯೂ ಇಲ್ಲ. ಸ್ವಂತ ಕೋವಿ ಇಲ್ಲದವನು ಮಾತ್ರ ಒಬ್ಬನಿದ್ದ. ಪ್ರತಿ ನವೆಂಬರಿನ ಬೇಟೆ ಕಾಲಕ್ಕೆ ಅವನ ಅತ್ತೆ, ಹೆಂಡತಿಯ ತಾಯಿ ಹಿಲ್ಮಾ, ತನ್ನ ತೀರಿಹೋದ ಗಂಡನ ಕೋವಿಯನ್ನು ತೌನೋನ ಕೈಗಿಡುತ್ತಿದ್ದಳು, ಒಂದು ಗೀರು ಬಿದ್ದರೂ ಗೊತ್ತಲ್ಲ ಎನ್ನುವ ಮುಖದಲ್ಲಿ. ಐವತ್ತು ದಾಟಿದ ಗಂಡಸಿಗೆ ಅದೆಷ್ಟು ಚುಚ್ಚುತ್ತಿತ್ತೆಂದು ನನಗೊಬ್ಬನಿಗೇ ಗೊತ್ತಿತ್ತು.

ಒಂದು ದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಹಳೆಯ ರಷ್ಯನ್ ಸೇನಾ ಕೋವಿಗಳು ಪೀಪಾಯಿಯೊಳಗೆ ಪೊರಕೆಗಳ ಹಾಗೆ ನಿಂತಿದ್ದವು. ಒಂದು ಜೊತೆ ಬೂಟಿಗಿಂತ ಅಗ್ಗ. ಎಲ್ಲವೂ ಒಂದೇ ಥರ ಇದ್ದುದರಿಂದ ತೌನೋ ಒಂದೊಂದನ್ನೂ ಮೂಸಿ ನೋಡಿ ಆರಿಸಿದ.

ತೊಡಕು ಎರಡಿತ್ತು. ತುಕ್ಕು ಹಿಡಿಯಬಾರದೆಂದು ಸೇನೆಯವರು ಮೆತ್ತಿದ್ದ ಕಂದು ಗ್ರೀಸು ಹಲಸಿನ ಮೇಣದಂತೆ ಅಂಟಿಕೊಂಡಿತ್ತು. ಇನ್ನು ಹಿಲ್ಮಾ. ಯುದ್ಧದಲ್ಲಿ ರಷ್ಯನ್ನರು ಫಿನ್‌ಲ್ಯಾಂಡಿನ ಅವಳ ಹುಟ್ಟೂರನ್ನು ಕಸಿದುಕೊಂಡಾಗ ಒಂದು ಹಸುವನ್ನು ಹೊಡೆದುಕೊಂಡು ಊರು ಬಿಟ್ಟವಳು. ಅವಳೆದುರು ರಷ್ಯಾದ ಹವಾಮಾನವನ್ನೂ ಹೊಗಳುವ ಹಾಗಿರಲಿಲ್ಲ.

ಗ್ರೀಸು ಕರಗಿಸಲು ತೌನೋ ಫಿನ್ನಿಶನಿಗೆ ಮಾತ್ರ ಹೊಳೆಯುವ ಉಪಾಯ ಮಾಡಿದ. ಬುಧವಾರ ಯಾರೂ ಇಲ್ಲದಾಗ ಸೌನಾದ ಒಲೆ ಹೊತ್ತಿಸಿ, ಕೋವಿಯನ್ನು ಮೇಲಿನ ಬೆಂಚಿನ ಮೇಲೆ ನೆಂಟನಂತೆ ಮಲಗಿಸಿದ. ಒಳಗೆ ಕೂತವರಿಗೆ ಹಬೆಯೇಳಲೆಂದು ಮಾಡುವ ಹಾಗೆ, ಕಾದ ಕಲ್ಲಿಗೆ ಆಗಾಗ ನೀರನ್ನೂ ಎರಚಿದನಂತೆ. ಅದು ಯಾಕೆ ಎಂದು ಕೇಳಿದೆ.

"ಒಳಗೆ ಕೂತಿದೆಯಲ್ಲ ಮಾರಾಯ, ಮರ್ಯಾದೆ ಬೇಡ್ವಾ?"

ಕೋವಿ ಚೆನ್ನಾಗಿಯೇ ಬೆವರಿತು. ಆ ಬೆವರನ್ನೆಲ್ಲ ಮರದ ಬೆಂಚು ಕುಡಿಯಿತು. ಬೆಂಚು ತಣ್ಣಗಾದ ಮೇಲೆ ಒರೆಸಿದ ತೌನೋನಿಗೆ ಏನೂ ಕಾಣಲಿಲ್ಲ; ಮತ್ತೆ ಕಾದಾಗ ಮರ ಅದನ್ನು ಕಕ್ಕುತ್ತದೆಂದು ಹೊಳೆಯಲೂ ಇಲ್ಲ.

ಶನಿವಾರ ಹೆಂಗಸರ ಸರದಿ ಮೊದಲು. ಹಿಲ್ಮಾ ಕೂರುವುದು ಯಾವಾಗಲೂ ಮೇಲಿನ ಬೆಂಚಿನಲ್ಲೇ. ಹೊರಗೆ ನಮ್ಮ ಸರದಿಗೆ ಕಾಯುತ್ತಿದ್ದ ನಮಗೆ ಒಳಗಿಂದ ತೌನೋನ ಹೆಂಡತಿ ಲೆಂಪಿಯ ನಗು ಕೇಳಿಸಿತು, ಆಮೇಲೆ ನಿಂತಿತು. ಹಿಲ್ಮಾ ಟವೆಲ್ ಸುತ್ತಿಕೊಂಡು ಹೊರಬಂದಳು. ಬಿಳಿ ಟವೆಲ್ಲಿನ ಹಿಂಭಾಗದಲ್ಲಿ ಉದ್ದಕ್ಕೊಂದು ಕಂದು ಪಟ್ಟೆ. ಬೆರಳಿಗೆ ಹಚ್ಚಿ ಮೂಸಿದಳು.

"ಇದು ಕೋವಿಗೆ ಬಳಿಯೋ ಗ್ರೀಸು. ತಗೊಂಬಾ ಅದನ್ನ."

"ಅತ್ತೆ, ಅದು ಬರೀ ಹಳೇ ಕಬ್ಬಿಣ..."

"ರಷ್ಯದ್ದಾದ್ರೆ ಇವತ್ತೇ ಸರೋವರಕ್ಕೆ. ಬೇಟೆಗೆ ಮಾವನ ಕೋವಿ ಇದ್ದೇ ಇದೆಯಲ್ಲ."

ತೌನೋ ಮಗುವನ್ನು ಒಪ್ಪಿಸುವವನ ಹಾಗೆ ತಂದುಕೊಟ್ಟ. ಅವಳು ಕನ್ನಡಕ ತರಿಸಿಕೊಂಡು, ಉಳಿದಿದ್ದ ಗ್ರೀಸನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ ಹೋದಳು. ನಳಿಗೆಯ ಬುಡದಲ್ಲಿ ಚೌಕದೊಳಗೆ ಎರಡು ಅಕ್ಷರ ಕಂಡವು. ಫಿನ್‌ಲ್ಯಾಂಡಿನ ಸೇನೆಯ ಮುದ್ರೆ. ರಷ್ಯನ್ನರಿಂದ ಗೆದ್ದುಕೊಂಡ ಕೋವಿಗಳಿಗೆ ನಮ್ಮವರು ಒತ್ತುತ್ತಿದ್ದದ್ದು. ಹಿಲ್ಮಾಳ ಹೆಬ್ಬೆರಳು ಬಹಳ ಹೊತ್ತು ಅಲ್ಲೇ ನಿಂತಿತು.

"ಊರು ಅವರ ಪಾಲಾಯ್ತು, ಇದಾದ್ರೂ ನಮ್ಮದಾಗಿದೆ," ಎಂದಳು. "ಇಟ್ಕೋ. ಬೆಂಚು ಮಾತ್ರ ನೀನೇ ಉಜ್ಜಬೇಕು."

ಮುಂದಿನ ಭಾನುವಾರ ಚರ್ಚಿನ ಕಾಫಿಯ ಹೊತ್ತಿಗೆ ಅವಳು ಆ ಕೋವಿಯನ್ನು ರಷ್ಯನ್ನರಿಂದ ತಾನೇ ಕಿತ್ತುಕೊಂಡು ಬಂದವಳಂತೆ ವರ್ಣಿಸುತ್ತಿದ್ದಳು. ತೌನೋ ಅದರಲ್ಲಿ ಒಂದು ಜಿಂಕೆಯನ್ನೂ ಹೊಡೆಯಲಿಲ್ಲ. ಆ ಸದ್ದಿಗೆ ಜಿಂಕೆ ಓಡದೆ, ಯಾರಿಗೇನಾಯಿತೋ ಎಂದು ತಿರುಗಿ ನೋಡಿತಂತೆ. ಆದರೂ ಸ್ವಂತ ಕೋವಿಯಲ್ಲಿ ಗುರಿ ತಪ್ಪಿದ್ದಲ್ಲವೇ, ಎದೆ ಉಬ್ಬಿಸಿಕೊಂಡು ಬಂದ.

ಬೆಂಚನ್ನು ಅವನು ಹಿಲ್ಮಾ ಇರುವವರೆಗೂ ಉಜ್ಜಿದ, ಅವಳು ಹೋದ ಮೇಲೂ ಉಜ್ಜಿದ.

ಹೋದ ಶನಿವಾರ ಲೆಂಪಿ ಸೌನಾ ಕಾಯಿಸಿ ನನ್ನನ್ನು ಕರೆದಳು. ನಾನೂ ತೌನೋನೂ ಕೂರುತ್ತಿದ್ದ ಮೇಲಿನ ಬೆಂಚಿನಲ್ಲಿ ಒಬ್ಬನೇ ಕೂತೆ. ಹೊರಬಂದಾಗ ಅವಳು ನನ್ನ ಟವೆಲ್ಲಿನತ್ತ ನೋಡಿ, ಹಿಂದುಗಡೆ ಏನದು ಎಂದಳು.

"ತೌನೋ," ಅಂದೆ.

ಅವನನ್ನು ಹೂಳಿ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.